ಉಳಿದ ಮದ್ದು

“ಗುರುಗಳೇ, ಮಾಡದ ತಪ್ಪಿಗೆ ನಾಚಿಕೆಪಡಬೇಕೆ?” ಎಂದು ಶಿಷ್ಯ ಕೇಳಿದ.

ಅವನು ಮಠದಲ್ಲಿ ವೈದ್ಯ ಕಲಿತು ಆಗಷ್ಟೇ ಹಳ್ಳಿಗಳಲ್ಲಿ ಮದ್ದು ಕೊಡತೊಡಗಿದ್ದ. ಹಿಂದಿನ ದಿನ ಒಬ್ಬ ರೈತನಿಗೆ ಜ್ವರದ ಮದ್ದು ಕೊಟ್ಟಿದ್ದ. ರೋಗ ಗುರುತಿಸಿದ್ದು ಸರಿಯಿತ್ತು, ಅಳತೆಯೂ ಸರಿಯಿತ್ತು. ಆದರೂ ರೈತನ ಮುಖ ಬಾತು ಉಸಿರು ಕಟ್ಟಿತು. ಬದುಕಿ ಉಳಿದದ್ದೇ ಹೆಚ್ಚು. “ಏನೋ ತಿಂದಿರಬೇಕು” ಎಂದು ಮನೆಯವರಿಗೆ ಹೇಳಿ ಶಿಷ್ಯ ಹೊರಟುಬಂದಿದ್ದ. ಇದೆಲ್ಲವನ್ನೂ ಹೇಳುವಾಗ ಅವನು ಗುರುವಿನ ಮುಖ ನೋಡಲಿಲ್ಲ.

ಗುರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಮನೆತನದ ಜ್ವರದ ಮದ್ದು ಸುತ್ತಲ ಸೀಮೆಗೆಲ್ಲ ಹೆಸರಾಗಿತ್ತು. ಅದರ ಬೇರನ್ನು ಅವನ ಮುತ್ತಜ್ಜನಿಗೆ ಒಬ್ಬ ಸಿದ್ಧ ತೋರಿಸಿಕೊಟ್ಟನೆಂದೂ, ಅದು ಯಾರಲ್ಲಿಯೂ ಹುಸಿಯಾಗದೆಂದು ವರವಿತ್ತನೆಂದೂ ಊರವರು ಹೇಳುತ್ತಿದ್ದರು. ಸಿದ್ಧನನ್ನು ಕಂಡವರು ಯಾರೂ ಇರಲಿಲ್ಲ. ಮದ್ದಿನಿಂದ ಗುಣವಾದವರು ಬಹಳ ಮಂದಿ ಇದ್ದರು. ಗುಣವಾಗದವರು ಪಥ್ಯ ಕೆಡಿಸಿದವರೆಂದು ಊರೇ ತೀರ್ಮಾನಿಸುತ್ತಿತ್ತು.

ಒಮ್ಮೆ ಕುಂಬಾರನ ಹೆಂಡತಿಗೆ ಜ್ವರ ಬಂದಿತು. ವೈದ್ಯ ಮದ್ದನ್ನು ತೂಗಿ, ಜೇನಿನಲ್ಲಿ ಕಲಸಿ, ತಾನೇ ನೆಕ್ಕಿಸಿದ. ಉಳಿದದ್ದನ್ನು ಒಂದು ಕುಡಿಕೆಯಲ್ಲಿಟ್ಟು, ಅಳತೆ ಹೇಳಿಕೊಟ್ಟು ಹೊರಟ. ಅವನಿನ್ನೂ ಅಂಗಳ ದಾಟಿರಲಿಲ್ಲ, ಒಳಗಿನಿಂದ ಕೂಗು ಕೇಳಿಸಿತು. ಹಿಂದಿರುಗಿ ನೋಡಿದರೆ ಆಕೆಯ ಮೈತುಂಬ ದದ್ದುಗಳೆದ್ದಿದ್ದವು. ತುಟಿ ಬಾತಿತ್ತು. ಉಸಿರಿಗಾಗಿ ಒದ್ದಾಡುತ್ತಿದ್ದಳು. ನೆರೆಯವರು ಬಾಗಿಲಲ್ಲಿ ನೆರೆದು ವೈದ್ಯನ ಮುಖವನ್ನೇ ನೋಡುತ್ತಿದ್ದರು.

“ಏನು ತಿಂದೆಯಮ್ಮಾ?” ಎಂದ ವೈದ್ಯ.

ಅತ್ತೆ ಹಣೆ ಚಚ್ಚಿಕೊಂಡಳು. “ಬೇಡ ಬೇಡವೆಂದರೂ ಬದನೆಕಾಯಿ ಪಲ್ಯಕ್ಕೆ ಕೈ ಹಾಕಿರಬೇಕು. ಇವಳ ನಾಲಿಗೆ ನನಗೆ ಗೊತ್ತಿಲ್ಲವೇ!”

ಸಂಜೆಯ ಹೊತ್ತಿಗೆ ಆಕೆಯ ಉಸಿರು ಹತೋಟಿಗೆ ಬಂದಿತು. ಬಾತ ತುಟಿಯಲ್ಲೇ, “ಅಯ್ಯಾ, ನಾನು ಗಂಜಿ ಬಿಟ್ಟು ಬೇರೇನೂ ಮುಟ್ಟಿಲ್ಲ” ಎಂದಳು.

ಆಕೆ ಹೇಳುತ್ತಿರುವುದು ನಿಜವೆಂದು ವೈದ್ಯನಿಗೆ ತಿಳಿಯಿತು. “ಈ ಮದ್ದು ನಿನ್ನ ಮೈಗೆ ಒಗ್ಗದು, ಏಕೆಂದು ನಾನರಿಯೆ” ಎಂದಿಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಬಾಗಿಲಲ್ಲಿ ಊರು ನಿಂತಿತ್ತು. ಉಳಿದ ಮದ್ದಿನ ಕುಡಿಕೆಯನ್ನು ಹಿಂದಕ್ಕೊಯ್ಯಲು ಕೈಚಾಚಿದ. ಒಯ್ದರೆ ಮದ್ದನ್ನೇ ದೂರಿದಂತಾಗುವುದೆನ್ನಿಸಿ ಕೈಯನ್ನು ಎಳೆದುಕೊಂಡ. “ಇನ್ನಾದರೂ ಪಥ್ಯ ಜೋಪಾನ” ಎಂದು ಹೇಳಿ ಹೊರಟ.

ಮನೆಯಲ್ಲಿ ಮದ್ದನ್ನು ಮತ್ತೆ ತೂಗಿ ನೋಡಿದ. ಎಳ್ಳಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಆದರೂ ಅಂದಿನಿಂದ ಅವನು ಕುಂಬಾರರ ಕೇರಿಗೆ ಕಾಲಿಡದೆ ಸುತ್ತುದಾರಿಯಲ್ಲಿ ಓಡಾಡತೊಡಗಿದ. ಆ ಕೇರಿಯ ಬಾವಿಕಟ್ಟೆಯಲ್ಲಿ ಹೆಂಗಸರು, “ಏನೇ, ಬದನೆಕಾಯಿ ರುಚಿಯಾಗಿತ್ತೇ?” ಎಂದು ಆಕೆಯನ್ನು ಕೇಳುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು.

ಮರುವರ್ಷ ಆಕೆಗೆ ಮತ್ತೆ ಜ್ವರ ಬಂದಿತು. ವೈದ್ಯ ಪರವೂರಿಗೆ ಹೋಗಿದ್ದ. ಕುಡಿಕೆ ಗೋಡೆಯ ಗೂಡಿನಲ್ಲಿಯೇ ಇತ್ತು. ಈ ಸಲ ಯಾರೂ ತನ್ನ ಕಡೆ ಬೊಟ್ಟು ಮಾಡಬಾರದೆಂದು ಆಕೆ ಗಂಜಿಯನ್ನೂ ಬಿಟ್ಟಳು. ಅತ್ತೆಯನ್ನು ಕಾವಲಿಗೆ ಕೂರಿಸಿಕೊಂಡು, ವೈದ್ಯ ಹೇಳಿದ್ದ ಅಳತೆಯಲ್ಲೇ ಮದ್ದು ನೆಕ್ಕಿದಳು.

ವೈದ್ಯ ಊರಿಗೆ ಮರಳಿದಾಗ ಆಕೆಯ ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಅತ್ತೆ ಎದ್ದುಬಂದು ಎಲ್ಲರೆದುರು, “ನಾನೇ ಕಾದಿದ್ದೆ ಅಯ್ಯಾ. ನನ್ನ ಸೊಸೆ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ” ಎಂದಳು.

ಊರವರು ವೈದ್ಯನನ್ನು ದೂರಲಿಲ್ಲ, ಹಣೆಬರಹವೆಂದರು. ಅವರ ಮಾತು ಕೇಳಿ ಅವನು ಇನ್ನಷ್ಟು ಕುಗ್ಗಿಹೋದ.

ಗುರು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ನೆಲ ನೋಡುತ್ತಲೇ ಕೇಳಿದ:

“ಮೊದಲ ಸಲ ಮದ್ದು ಕೊಟ್ಟದ್ದು ಅವನ ತಪ್ಪಲ್ಲವಷ್ಟೆ?”

“ಅಲ್ಲ.”

ಶಿಷ್ಯ ಹಗುರಾಗಿ ಉಸಿರುಬಿಟ್ಟು, ಆ ದಿನ ಮೊದಲ ಬಾರಿಗೆ ತಲೆಯೆತ್ತಿದ. ಗುರು ಅವನನ್ನೇ ನೋಡುತ್ತಿದ್ದರು.

“ನಿನ್ನ ರೈತನ ಮನೆಯಲ್ಲಿ ಉಳಿದ ಮದ್ದು ಈಗ ಎಲ್ಲಿದೆ?”