ಸಿದ್ದಗಂಗಮ್ಮನ ತೂಕ

ತೂಕ ಇಳಿಸುವ ಪುಡಿ ಮಾರುವ ಮರುಳಪ್ಪ, ತೂಕದ ಮೆಷಿನ್ ಹಿಡಿದುಕೊಂಡು ಟೈಲರ್ ಸಿದ್ದಗಂಗಮ್ಮನ ಮನೆಗೆ ಬಂದು, ಅವಳನ್ನು ಹತ್ತಿಸಿ ತೂಕ ನೋಡಿದ.

"ನಮ್ಮ ಡಬ್ಬ ತಗೊಳ್ಳದೆ ಒಂದು ಗ್ರಾಮೂ ಇಳಿಯಲ್ಲ, ಅಕ್ಕಾ!"

"ಅಷ್ಟು ದುಡ್ಡಿಲ್ಲಪ್ಪ. ಯುಗಾದಿವರೆಗೆ ಊಟ ಕಮ್ಮಿ ಮಾಡಿ ನೋಡ್ತೀನಿ. ಇಳೀದಿದ್ರೆ ತಗೋತೀನಿ. ಅನುಮಾನ ಇದ್ರೆ ದಿನಾ ಊಟದ ಹೊತ್ತಿಗೆ ಬಂದು, ನಾನೆಷ್ಟು ತಿಂತೀನಿ ನೋಡ್ಕೊಂಡು ಹೋಗು."

ಮರುಳಪ್ಪ ದಿನಾ ಬಂದ. ಮನೆಗೆ ಬಂದವರನ್ನು ಹಾಗೇ ಕಳಿಸಲಾದೀತೇ? ಗಂಗಮ್ಮ ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಅವನಿಗೇ ಬಡಿಸಿದಳು. ಅವನು ಬೇಡವೆನ್ನಲಿಲ್ಲ. ತನ್ನ ಮನೆಗೆ ಹೋಗಿ ಇನ್ನೊಮ್ಮೆ ಉಂಡ.

ಯುಗಾದಿ ಬಂತು. ಗಂಗಮ್ಮ ಮೆಷಿನ್ ಹತ್ತಿದಳು. ಮುಳ್ಳು ಚೆನ್ನಾಗಿಯೇ ಇಳಿದಿತ್ತು. ಮರುಳಪ್ಪನ ಮುಖ ಸಪ್ಪಗಾಯಿತು.

"ಡಬ್ಬ ಇಲ್ದೆ ಅಷ್ಟೊಂದು ತೂಕ ಎಲ್ಲಿಗೆ ಹೋಯ್ತಕ್ಕಾ?"

"ಎಲ್ಲಿಗೂ ಹೋಗಿಲ್ಲಪ್ಪ," ಅಂದಳು ಗಂಗಮ್ಮ. "ನೀನೊಂದ್ಸಲ ಹತ್ತಿ ನೋಡು."