ಗುಡ್ಡದಾಚೆ ಗೆಳೆಯರ ಸಂಘ

ಹೊಳೆಯ ದಂಡೆಯ ಒಂದು ಕಾಡಿನಲ್ಲಿ ಯಾರಿಗೂ ಯಾವುದಕ್ಕೂ ಕೊರತೆ ಇರಲಿಲ್ಲ. ಹಲಸು ವರ್ಷವಿಡೀ ಮರದಲ್ಲೇ ಹಣ್ಣಾಗಿ ಧೊಪ್ಪೆಂದು ಬೀಳುತ್ತಿತ್ತು. ಮರಮರಕ್ಕೂ ಜೇನುಗೂಡು ತೂಗುತ್ತಿತ್ತು. ಆ ಕಾಡಿಗೆ ಹಿರಿಯಳು ಭೈರಮ್ಮ ಎಂಬ ಆನೆ. ಅವಳ ಮನಸ್ಸು ಬಹಳ ಒಳ್ಳೆಯದು. ಯಾರಿಗಾದರೂ ಒಂದು ಸಣ್ಣ ಉಪಕಾರ ಮಾಡಿದರೂ ಸಾಕು, ದಿನವಿಡೀ ಕಿವಿ ಬೀಸುತ್ತ ಖುಷಿಯಾಗಿರುತ್ತಿದ್ದಳು. ಉಪಕಾರ ಪಡೆದವರು ಬಂದು ನಾಲ್ಕು ಹೊಗಳಿಕೆಯ ಮಾತು ಆಡಿದರಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ.

ಒಂದು ಚಳಿಗಾಲದಲ್ಲಿ ದೂರದೇಶದ ಹೆಬ್ಬಾತೊಂದು ಆ ಹೊಳೆಗೆ ಬಂದಿಳಿಯಿತು. ಅದು ಭೈರಮ್ಮನಿಗೆ ಒಂದು ಸುದ್ದಿ ಹೇಳಿತು.

"ಈ ಗುಡ್ಡದಾಚೆಯ ಕಾಡಿನಲ್ಲಿ ನೀರಿಗೆ ಬಲು ಕಷ್ಟ ಕಣಮ್ಮ. ಅಲ್ಲಿನ ಮುಳ್ಳುಹಂದಿಗಳು ಒಂದು ಸಂಘ ಕಟ್ಟಿಕೊಂಡು ಕೆರೆ ತೋಡುತ್ತಿದ್ದವು. ಅದೇನು ಅಡ್ಡಿ ಬಂತೋ, ಕೆಲಸ ಅರ್ಧಕ್ಕೇ ನಿಂತಿದೆ. ನಿಮ್ಮಂಥ ಅನುಕೂಲಸ್ಥರು ಸ್ವಲ್ಪ ನೆರವಾದರೆ ಒಳ್ಳೆಯದಾಗುತ್ತೆ."

ಇಷ್ಟು ಹೇಳಿ ಹೆಬ್ಬಾತು ತನ್ನ ದಾರಿ ಹಿಡಿಯಿತು. ಭೈರಮ್ಮನ ಕಣ್ಣು ತುಂಬಿ ಬಂತು. ಆನೆಯ ಕಣ್ಣೀರೆಂದರೆ ಸಣ್ಣದಲ್ಲ. ಕೆಳಗೆ ಕೂತಿದ್ದ ಅಳಿಲು ತೊಯ್ದು ತೊಪ್ಪೆಯಾಗಿ ಪಕ್ಕಕ್ಕೆ ಸರಿಯಿತು.

"ಅಯ್ಯೋ ಪಾಪ! ಏನಾದರೂ ಕಳಿಸಲೇಬೇಕು" ಎಂದಳು ಭೈರಮ್ಮ. "ಆದರೆ ಹೇಗೆ? ಆ ಗುಡ್ಡ ದಾಟಿದವರು ನಮ್ಮಲ್ಲಿ ಯಾರೂ ಇಲ್ಲವಲ್ಲ."

"ನಾನಿದ್ದೀನಲ್ಲ ಅಮ್ಮಾವ್ರೇ!"

ಪೊದೆಯೊಳಗಿಂದ ಒಂದು ನರಿ ಎದ್ದು ಬಂತು. ಅವನ ಹೆಸರು ಸುಮುಖ. ದುಡಿದು ತಿಂದದ್ದು ಕಡಿಮೆ, ಮಾತಾಡಿ ತಿಂದದ್ದೇ ಹೆಚ್ಚು.

"ಗುಡ್ಡದಾಚೆ ಅಂದರೆ ಬೇರೆ ದೇಶ ಅಮ್ಮಾವ್ರೇ. ಅಲ್ಲಿನ ಹುಲಿ ಬೇರೆ, ಕಾನೂನು ಬೇರೆ, ಭಾಷೆ ಬೇರೆ. ಎಲ್ಲರಿಗೂ ಆಗುವ ಕೆಲಸವಲ್ಲ. ನಾನಾದರೆ ಅಲ್ಲಿಗೆ ಹೋಗಿ ಬಂದು ಮಾಡುತ್ತಿರುತ್ತೇನೆ."

"ಅಲ್ಲಿನ ಭಾಷೆ ನಿನಗೆ ಬರುತ್ತಾ?" ಎಂದು ಕೇಳಿದ ಕರಡಿ ಮಾದಣ್ಣ. "ಎಲ್ಲಿ, ಒಂದು ಮಾತು ಆಡು ನೋಡೋಣ."

ಸುಮುಖ ಗಂಟಲು ಸರಿಮಾಡಿಕೊಂಡ. "ಗುರ್ ಬುರ್ ಕಿಟಿಕಿಟಿ."

"ಹಾಗಂದರೆ?"

"ನಮಗೆ ಜೇನು ಅಂದರೆ ಪ್ರಾಣ ಅಂತ."

ಮಾದಣ್ಣನಿಗೆ ಈ ಮಾತು ಬಹಳ ಹಿಡಿಸಿತು. ಜೇನನ್ನು ಪ್ರೀತಿಸುವವರು ಎಲ್ಲಿದ್ದರೂ ಒಳ್ಳೆಯವರೇ ಎಂದು ಅವನು ನಂಬಿದ್ದ. ಹಾಗೆ "ಗುಡ್ಡದಾಚೆ ಗೆಳೆಯರ ಸಂಘ" ಹುಟ್ಟಿತು. ಸುಮುಖನೇ ಅಧ್ಯಕ್ಷ, ಸುಮುಖನೇ ಕಾರ್ಯದರ್ಶಿ, ಸುಮುಖನೇ ದುಭಾಷಿ.

ಕಾಡಿನವರು ಧಾರಾಳಿಗಳು. ಮಾದಣ್ಣ ಮೂಗು ಊದುವಂತೆ ಜೇನುಹುಳಗಳಿಂದ ಕಚ್ಚಿಸಿಕೊಂಡು ಸೋರೆಬುರುಡೆಗಳ ತುಂಬ ಜೇನು ತಂದ. ಮಂಗಗಳು ಹಲಸು ಇಳಿಸಿದವು. ಅಳಿಲು ಕೂಡ ಮರಿಗಳಿಗೆಂದು ಬಚ್ಚಿಟ್ಟಿದ್ದ ಕಾಯಿಗಳಲ್ಲಿ ಪಾಲು ಕೊಟ್ಟಿತು.

"ಎಲ್ಲವನ್ನೂ ಗುಡ್ಡದ ಬುಡದವರೆಗೆ ತಂದಿಡಿ ಸಾಕು" ಎಂದ ಸುಮುಖ. "ಮುಂದಿನ ಕಷ್ಟ ನನಗಿರಲಿ."

ಅವರು ತಂದಿಟ್ಟು ಬೆನ್ನು ತಿರುಗಿಸಿದ್ದೇ ತಡ, ಸುಮುಖ ಒಂದು ಶಿಳ್ಳೆ ಹಾಕಿದ. ಬಂಡೆಯ ಮರೆಯಿಂದ ಅವನ ಅತ್ತೆ, ಅವಳ ಹಿಂದೆ ಅವನ ಭಾವಮೈದುನರು ಓಡಿ ಬಂದರು. ಹಲಸು ಬಿಡಿಸಿದರು. ಜೇನಿನಲ್ಲಿ ಅದ್ದಿ ಅದ್ದಿ ತಿಂದರು. ತಿಂದು ಅಲ್ಲೇ ಉರುಳಿ ಗೊರಕೆ ಹೊಡೆದರು.

ಸಂಜೆ ಸುಮುಖ ಮೈಗೆಲ್ಲ ಧೂಳು ಮೆತ್ತಿಕೊಂಡು, ಒಂದು ಕಾಲು ಕುಂಟುತ್ತಾ ಹಿಂತಿರುಗಿದ.

"ಏನಂದರಪ್ಪ ಅವರು?" ಭೈರಮ್ಮ ಆಸೆಯಿಂದ ಕೇಳಿದಳು.

"ಏನು ಹೇಳಲಿ ಅಮ್ಮಾವ್ರೇ! ಪಾಪ, ಹಸಿದವರು. ನಿಮ್ಮ ಹೆಸರು ಎತ್ತಿದರೆ ಸಾಕು, ಅಳುತ್ತಾರೆ."

ಭೈರಮ್ಮ ಅಂದು ಇಡೀ ಸಂಜೆ ಕಿವಿ ಬೀಸಿದಳು. ಮರುದಿನ ಇನ್ನೂ ಹೆಚ್ಚು ಹಲಸು ಹೋಯಿತು. ಹೀಗೇ ಚಳಿಗಾಲ ಕಳೆದು ಬೇಸಿಗೆ ಬಂತು. ಸುಮುಖನ ಅತ್ತೆ ಹಂಡೆಯ ಹಾಗೆ ಊದಿದಳು.

"ಅಲ್ಲವೋ ಸುಮುಖ, ಕೆರೆ ಎಲ್ಲಿಗೆ ಬಂತು?" ಎಂದು ಒಂದು ದಿನ ಮಾದಣ್ಣ ಕೇಳಿದ.

"ಕೆರೆಯಾ? ಯಾವ... ಹಾಂ, ಕೆರೆ! ಬರುತ್ತಾ ಇದೆ ಮಾದಣ್ಣ, ಬರುತ್ತಾ ಇದೆ." ಮಾತು ಬದಲಿಸಬೇಕಿತ್ತು. ಸುಮುಖ ಆನೆಯ ಕಡೆ ತಿರುಗಿದ. "ಅದಿರಲಿ ಅಮ್ಮಾವ್ರೇ, ನಿಮಗೆ ಹೇಳುವುದನ್ನೇ ಮರೆತೆ. ಅವರು ನಿಮ್ಮದೊಂದು ಮಣ್ಣಿನ ಮೂರ್ತಿ ಮಾಡಿ ನಿಲ್ಲಿಸಿದ್ದಾರೆ. ದಿನಾ ಬೆಳಗ್ಗೆ ಎದ್ದು ಅದಕ್ಕೆ ಕೈ ಮುಗಿಯುತ್ತಾರೆ!"

ಭೈರಮ್ಮನ ಕಿವಿ ಬೀಸುವುದು ನಿಂತೇ ಹೋಯಿತು. "ನನ್ನ ಮೂರ್ತಿಯೇ? ಸೊಂಡಿಲು ಸರಿಯಾಗಿ ಬಂದಿದೆಯಾ?"

"ಜೀವ ಇದ್ದ ಹಾಗಿದೆ!"

"ಹಾಗಾದರೆ ನಾನು ನೋಡಲೇಬೇಕು. ನಾಳೆ ಬೆಳಗ್ಗೆಯೇ ಹೊರಡೋಣ."

ದಾರಿ ಕಡಿದು ಎಂದ ಸುಮುಖ. ಕಳ್ಳಿಮುಳ್ಳು ಎಂದ. ಅಲ್ಲಿನ ಹುಲಿ ಮುಂಗೋಪಿ ಎಂದ. ಭೈರಮ್ಮ ಕೇಳಲಿಲ್ಲ. ತನ್ನ ಮೂರ್ತಿ ನೋಡಲು ಹೊರಟ ಆನೆಯನ್ನು ತಡೆಯುವುದು ಯಾರಿಂದ ಸಾಧ್ಯ?

ಸುಮುಖ ಅತ್ತೆಯ ಮನೆಗೆ ಓಡಿದ.

"ಅತ್ತೇ, ನೀವು ಮುಳ್ಳುಹಂದಿ ಆಗಬೇಕು."

"ಏನಂದಿರಿ ಅಳಿಯಂದಿರೇ?" ಅತ್ತೆ ಕಣ್ಣು ಕೆಕ್ಕರಿಸಿದಳು. "ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಹಂದಿ ಆಗಿಲ್ಲ!"

"ಇಷ್ಟು ದಿನ ಮುಳ್ಳುಹಂದಿಯ ಹೆಸರಲ್ಲಿ ತಿಂದಿರಲ್ಲ, ಆಗ ಮನೆತನ ನೆನಪಾಗಲಿಲ್ಲವೇ? ಒಂದು ಬೆಳಗಿನ ಕೆಲಸ. ಏಳಿ, ಏಳಿ!"

ಅಂದು ರಾತ್ರಿಯೇ ಎಲ್ಲರೂ ಸೇರಿ ಗುಡ್ಡ ದಾಟಿದರು. ನಿಜ ಹೇಳಬೇಕೆಂದರೆ ಸುಮುಖನೂ ಆ ಗುಡ್ಡ ದಾಟಿದ್ದು ಅದೇ ಮೊದಲು. ಇಳಿಜಾರಿನಲ್ಲಿ ಒಂದು ಬಯಲು ಕಂಡಿತು. ಅವರು ಒಣಹುಲ್ಲಿನ ಗಟ್ಟಿ ಕಡ್ಡಿಗಳನ್ನು ಕಿತ್ತು ತಂದರು. ಮೈಗೆ ಅಂಟಿಸಲು ಅಂಟು ಇರಲಿಲ್ಲ. ಜೇನು ಧಾರಾಳವಾಗಿತ್ತು. ಅದನ್ನೇ ಬೆನ್ನಿಗೆ ಬಳಿದುಕೊಂಡು ಒಬ್ಬರ ಮೈಗೆ ಒಬ್ಬರು ಕಡ್ಡಿ ನೆಟ್ಟರು. ಭಾವಮೈದುನರು ಗಡಿಬಿಡಿಯಲ್ಲಿ ಮಣ್ಣು ಕಲಸಿ ಒಂದು ಮೂರ್ತಿಯನ್ನೂ ಮಾಡಿದರು.

ಬೆಳಗಾಗುವ ಮೊದಲೇ ಸುಮುಖ ಭೈರಮ್ಮನನ್ನು ಕರೆತರಲು ಹಿಂತಿರುಗಿದ. ಬಿಸಿಲು ಏರುವ ಹೊತ್ತಿಗೆ ಅವನ ಹಿಂದೆ ಭೈರಮ್ಮ ಏದುಸಿರು ಬಿಡುತ್ತಾ ಬಂದಳು. ಹಿಂದೆ ಮಾದಣ್ಣ, ಅವನ ಕೊರಳಲ್ಲಿ ಇನ್ನೊಂದು ಬುರುಡೆ ಜೇನು. ಸುಮುಖ ಮುಂದೆ ಓಡಿ ಸನ್ನೆ ಮಾಡಿದ. ಅತ್ತೆ ಹೇಳಿಕೊಟ್ಟಂತೆ ಅಳಲು ಶುರುಮಾಡಿದಳು.

"ಭೈರಮ್ಮನವರಿಗೆ ಜಯವಾಗಲಿ!" ಎಂದು ದೊಡ್ಡ ಭಾವಮೈದುನ ಕೂಗಿದ.

"ಹಲಸಿನ ಹಣ್ಣಿಗೆ ಜಯವಾಗಲಿ!" ಎಂದು ಚಿಕ್ಕವನು ಕೂಗಿದ. ಅವನಿಗೆ ಹೇಳಿಕೊಟ್ಟದ್ದು ಮರೆತುಹೋಗಿತ್ತು.

"ಅರೆ, ಇವರಿಗೆ ನಮ್ಮ ಭಾಷೆ ಬರುತ್ತಲ್ಲ!" ಎಂದ ಮಾದಣ್ಣ.

"ನಾನೇ ಕಲಿಸಿದೆ" ಎಂದ ಸುಮುಖ ತಟ್ಟನೆ.

ಭೈರಮ್ಮ ಮೂರ್ತಿಯ ಸುತ್ತ ಒಂದು ಸುತ್ತು ಬಂದಳು. "ಇದು ಹಂದಿಯಲ್ಲವೇ?"

"ಅವರ ಕಣ್ಣಿಗೆ ಎಲ್ಲವೂ ಸ್ವಲ್ಪ ಹಂದಿಯ ಹಾಗೇ ಕಾಣುತ್ತೆ ಅಮ್ಮಾವ್ರೇ. ಪ್ರೀತಿ ನೋಡಿ, ಪ್ರೀತಿ!"

"ಹಸಿದವರು ಅಂದೆ. ಈ ಅಜ್ಜಿಯ ಹೊಟ್ಟೆ ಯಾಕೆ ಇಷ್ಟು ದಪ್ಪ?" ಎಂದಳು ಭೈರಮ್ಮ.

"ಹಸಿವಿನಿಂದಲೇ ಊದಿಕೊಂಡಿದೆ!"

ಅಷ್ಟರಲ್ಲಿ ಬಿಸಿಲು ಬಲಿಯಿತು. ಜೇನು ಕರಗಿತು. ಮುಳ್ಳುಗಳು ಒಂದೊಂದೇ ಬಾಗಿ ಜೋತುಬಿದ್ದವು. ಎಲ್ಲಿದ್ದವೋ ಏನೋ, ಕೆಂಪಿರುವೆಗಳು ಸಾಲುಸಾಲಾಗಿ ಬಂದು ಅತ್ತೆಯ ಬೆನ್ನು ಹತ್ತಿದವು. ಅತ್ತೆ ಮೊದಲು ಸೊಂಟ ತಿರುಗಿಸಿದಳು. ಆಮೇಲೆ ಕಾಲು ಎತ್ತಿ ಎತ್ತಿ ಇಟ್ಟಳು.

"ಅಯ್ಯೋ, ನಮ್ಮನ್ನು ಕಂಡ ಖುಷಿಗೆ ಕುಣಿಯುತ್ತಿದ್ದಾಳೆ" ಎಂದಳು ಭೈರಮ್ಮ ಗದ್ಗದವಾಗಿ.

ಮಾದಣ್ಣನ ಮೂಗು ಅರಳಿತ್ತು. ಮೂಗು ಎಳೆದ ಕಡೆಗೇ ನಡೆದು ಅತ್ತೆಯ ಬೆನ್ನಿನ ಹತ್ತಿರ ನಿಂತ. ಒಮ್ಮೆ ಮೂಸಿದ. ಆಮೇಲೆ ತಡೆಯಲಾಗದೆ ನಾಲಿಗೆ ಚಾಚಿ ಬಾಲದಿಂದ ಕತ್ತಿನವರೆಗೆ ಒಂದೇ ಸಲ ನೆಕ್ಕಿಬಿಟ್ಟ.

"ಇದು ನನ್ನ ಜೇನು!" ಮಾದಣ್ಣ ಅಬ್ಬರಿಸಿದ. "ಹೊಳೆದಂಡೆಯ ಮತ್ತಿಮರದ ಜೇನು! ಇದಕ್ಕಾಗಿ ನನ್ನ ಮೂಗೇ ಊದಿತ್ತು!"

"ಅಳಿಯಂದಿರೇ, ಕರಡಿ ನನ್ನನ್ನು ನೆಕ್ಕುತ್ತಿದೆ!" ಎಂದು ಅತ್ತೆ ಕಿರುಚಿ, ಆಕಾಶ ನೋಡಿ ಉದ್ದಕ್ಕೆ ಊಳಿಟ್ಟಳು. ಕಡ್ಡಿಗಳೆಲ್ಲ ಉದುರಿದವು. ಕೆಳಗಿಂದ ಕೊಬ್ಬಿದ ನರಿಯೊಂದು ಹೊರಬಂತು.

ಮತ್ತೆ ಹೇಳುವುದೇನಿದೆ! ಅತ್ತೆ ಒಂದು ದಿಕ್ಕು, ಭಾವಮೈದುನರು ಒಂದೊಂದು ದಿಕ್ಕು. ಸುಮುಖ ಇಳಿಜಾರಿನಲ್ಲಿ ಬಿದ್ದೆನೋ ಕೆಟ್ಟೆನೋ ಎಂದು ಓಡಿದ. ಹಿಂದೆ ಗುಡ್ಡವೇ ಉರುಳಿ ಬಂದಂತೆ ಭೈರಮ್ಮ ಬರುತ್ತಿದ್ದಳು. ಪೊದೆಯ ಬುಡದಲ್ಲಿ ಒಂದು ಬಿಲ ಕಂಡಿತು. ಸುಮುಖ ಹಿಂದುಮುಂದು ನೋಡದೆ ತಲೆ ತೂರಿಸಿದ.

ಒಳಗಿನಿಂದ "ಕರಕರ" ಎಂದು ಸದ್ದಾಯಿತು. ಆಮೇಲೆ ಒಂದು ಚೀತ್ಕಾರ. ಸುಮುಖ ಹಿಮ್ಮುಖವಾಗಿ ಹೊರಬಂದ. ಅವನ ಮೂತಿಯ ತುಂಬ ಮುಳ್ಳು. ಈ ಸಲ ನಿಜವಾದವು. ಬಾಯಿ ತೆರೆಯುವಂತಿರಲಿಲ್ಲ, ಮುಚ್ಚುವಂತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ.

ಅವನ ಹಿಂದೆಯೇ ಕಣ್ಣುಜ್ಜಿಕೊಳ್ಳುತ್ತಾ ಒಂದು ಮುಳ್ಳುಹಂದಿ ಹೊರಬಂತು. ಅವಳು ಚೂಪಮ್ಮ. ಕೆರೆ ತೋಡುವ ಸಂಘದ ಮುಖ್ಯಸ್ಥೆ.

"ಯಾರು ಅದು, ಮಲಗಿರುವವರ ಮನೆಗೆ ಹೇಳದೆ ಕೇಳದೆ ಮೂತಿ ತೂರಿಸೋದು?"

ಮಾದಣ್ಣ ಮುಂದೆ ಬಂದ. ಪರದೇಶದವರ ಜೊತೆ ಅವರ ಭಾಷೆಯಲ್ಲೇ ಮಾತಾಡುವುದು ಮರ್ಯಾದೆ ಎಂದು ಎದೆಯುಬ್ಬಿಸಿ ಹೇಳಿದ. "ಗುರ್ ಬುರ್ ಕಿಟಿಕಿಟಿ!"

ಚೂಪಮ್ಮ ಗಾಬರಿಯಾಗಿ ಭೈರಮ್ಮನನ್ನು ನೋಡಿದಳು. "ಇವರಿಗೆ ಏನಾಗಿದೆ ಅಕ್ಕಾ? ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ?"

ಆಗ ಎಲ್ಲವೂ ಬಯಲಾಯಿತು. ಭೈರಮ್ಮ ತಾವು ಕಳಿಸಿದ್ದನ್ನೆಲ್ಲ ಹೇಳಿದಳು. ಚೂಪಮ್ಮ ಕಣ್ಣರಳಿಸಿ ಕೇಳಿದಳು.

"ಜೇನೇ? ಮುಳ್ಳುಗಳಿಗೆ ಮೆತ್ತಿಕೊಂಡರೆ ತೊಳೆಯಲು ನೀರೆಲ್ಲಿದೆ ಅಕ್ಕಾ? ನಮಗೆ ಒಂದು ಹನಿಯೂ ಬಂದಿಲ್ಲ. ಜೇನು ಬೇಕೆಂದು ನಾವು ಕೇಳಿಯೂ ಇರಲಿಲ್ಲ. ನಮಗೆ ಅಡ್ಡಿಯಾದದ್ದು ಒಂದು ಬಂಡೆ. ಅದರ ಕೆಳಗೇ ನೀರಿನ ಊಟೆ ಇದೆ. ಚಳಿಗಾಲವಿಡೀ ಎಲ್ಲರೂ ಸೇರಿ ತಳ್ಳಿದೆವು, ಅಲುಗಲಿಲ್ಲ. ಈಗ ಬೇಸಿಗೆ. ಮರಿಗಳು ಒಂದು ಗುಟುಕು ನೀರಿಗೆ ಬಹಳ ದೂರ ನಡೆಯುತ್ತವೆ. ಹೋದ ವಾರ ಒಂದು ಮರಿ ದಾರಿಯಲ್ಲೇ ಬಿದ್ದುಬಿಟ್ಟಿತು. ಹೊತ್ತು ತಂದೆವು, ಸದ್ಯ ಉಳಿಯಿತು."

ಭೈರಮ್ಮ ತಲೆ ತಗ್ಗಿಸಿದಳು. ಚಳಿಗಾಲವಿಡೀ ತಾನು ಕಿವಿ ಬೀಸಿಕೊಂಡು ಹೊಗಳಿಕೆ ಕೇಳುತ್ತಾ ನಿಂತಿದ್ದು ನೆನಪಾಯಿತು. ಒಂದು ದಿನ ನಡೆದು ಬಂದಿದ್ದರೆ ಸಾಕಿತ್ತು.

"ಬಂಡೆ ಎಲ್ಲಿದೆ ತಂಗೀ?" ಎಂದಷ್ಟೇ ಕೇಳಿದಳು.

ಚೂಪಮ್ಮ ಕರೆದುಕೊಂಡು ಹೋಗಿ ತೋರಿಸಿದಳು. ಭೈರಮ್ಮ ಹಣೆ ಕೊಟ್ಟು ನಿಂತಳು. "ಯಾವ ಕಡೆಗೆ ಉರುಳಿಸಲಿ?"

"ಕೆಳಗಿನ ಕಡೆಗೆ ಅಕ್ಕಾ. ಅಲ್ಲಿ ಏರಿಗೆ ಆಸರೆಯಾಗುತ್ತೆ."

ಭೈರಮ್ಮ ಒಮ್ಮೆ ಉಸಿರು ಬಿಗಿಹಿಡಿದು ತಳ್ಳಿದಳು. ಬಂಡೆ ಅಲುಗಿತು. ಇನ್ನೊಮ್ಮೆ ತಳ್ಳಿದಳು. ಬಂಡೆ ಗುಡುಗಿನಂತೆ ಉರುಳಿ ಏರಿಯ ಬದಿಗೆ ಹೋಗಿ ಕೂತಿತು. ಅದು ಇದ್ದ ಜಾಗದಲ್ಲಿ ಮೊದಲು ಮಣ್ಣು ಒದ್ದೆಯಾಯಿತು. ಆಮೇಲೆ ತಣ್ಣಗೆ, ಗುಳುಗುಳು ಎಂದು ನೀರು ಎದ್ದಿತು.

ಮುಳ್ಳುಹಂದಿಯ ಮರಿಗಳು ಒಂದನ್ನೊಂದು ತಳ್ಳಿಕೊಂಡು ಓಡಿ ಬಂದವು. ಯಾರೂ ಭೈರಮ್ಮನಿಗೆ ಜಯಕಾರ ಹಾಕಲಿಲ್ಲ. ಎಲ್ಲರ ಮೂತಿಯೂ ನೀರಿನಲ್ಲಿತ್ತು. ಭೈರಮ್ಮ ಅವು ಕುಡಿಯುವುದನ್ನೇ ನೋಡುತ್ತಾ ನಿಂತಳು. ನಿಂತಳು ಎಂದರೆ ನಿಂತೇ ಇದ್ದಳು.

ಸುಮುಖ ಮೂಲೆಯಲ್ಲಿ ಮೂತಿ ಹಿಡಿದುಕೊಂಡು ಕೂತಿದ್ದ. ಚೂಪಮ್ಮ ಅವನ ಮುಳ್ಳುಗಳನ್ನು ಕಿತ್ತಳು. ಕಿತ್ತ ಮೇಲೆ ಒಂದು ಬುಟ್ಟಿ ಕೊಟ್ಟಳು. ಕೆರೆ ಮುಗಿಯುವವರೆಗೆ ಸುಮುಖ ಮಣ್ಣು ಹೊತ್ತ. ಮೂತಿ ನೋಯುತ್ತಿದ್ದುದರಿಂದ ಒಂದು ಮಾತೂ ಆಡದೆ ಹೊತ್ತ. ಅವನ ಅತ್ತೆ ಮತ್ತೆಂದೂ ಅವನನ್ನು ಮನೆಗೆ ಸೇರಿಸಲಿಲ್ಲ.

ಅಂದು ಹೊರಡುವ ಹೊತ್ತಿಗೆ ಚೂಪಮ್ಮ ಅತಿಥಿಗಳ ಬಳಿ ಬಂದಳು. "ನಮಗೆ ಬೇಕಾದದ್ದು ನೀವು ಕೇಳಿ ಮಾಡಿಕೊಟ್ಟಿರಿ. ನಿಮಗೇನು ಬೇಕು, ಅದನ್ನೂ ಹೇಳಿ. ಸಂಕೋಚ ಬೇಡ."

ಭೈರಮ್ಮ ಮತ್ತು ಮಾದಣ್ಣ ಮುಖ ಮುಖ ನೋಡಿಕೊಂಡರು. ಕೊಟ್ಟು ಅಭ್ಯಾಸವಿದ್ದ ಅವರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮಾದಣ್ಣ ಕಾಲಿನಿಂದ ಮಣ್ಣು ಕೆದಕಿದ. ಆಚೆ ಈಚೆ ನೋಡಿದ.

"ಏನಿಲ್ಲ... ಬೆನ್ನಿನ ನಡುವೆ ಒಂದು ಜಾಗ ಇದೆ" ಎಂದ ನಾಚಿಕೊಂಡು. "ಎಷ್ಟೋ ವರ್ಷದಿಂದ ತುರಿಸುತ್ತೆ. ನನ್ನ ಕೈ ಎಟುಕಲ್ಲ."

ಚೂಪಮ್ಮ ನಕ್ಕು, ಉದುರಿದ್ದ ಮುಳ್ಳುಗಳಲ್ಲಿ ಒಂದಷ್ಟನ್ನು ಆರಿಸಿ ಕಂತೆ ಕಟ್ಟಿದಳು. ಮಾದಣ್ಣ ಬೋರಲು ಮಲಗಿದ. ಅವಳು ಮೆಲ್ಲಗೆ ಕೆರೆದಳು.

"ಇನ್ನೂ ಸ್ವಲ್ಪ ಎಡಕ್ಕೆ" ಎಂದ ಮಾದಣ್ಣ ಕಣ್ಣು ಮುಚ್ಚಿ. "ಹಾಂ... ಅಲ್ಲೇ ತಂಗೀ, ಅಲ್ಲೇ!"

ನೀತಿ: ನೆರವು ಕೊಡುವವರು ಪಡೆಯುವವರನ್ನೇ ನೇರವಾಗಿ ಕೇಳಿ ಕೊಡಬೇಕು, ಇಬ್ಬರೂ ಎದುರುಬದುರು ಕೂತು ಮಾತಾಡಿದರೆ ನಡುವೆ ನಿಂತು ತಿನ್ನುವವರಿಗೆ ಜಾಗವಿರುವುದಿಲ್ಲ.