ನೀರಗಂಟಿಯ ಗದ್ದೆಗೆ ಕೊನೆಯ ನೀರು

ಒಂದು ಊರಿನಲ್ಲಿ ಒಂದು ಕೆರೆ ಇತ್ತು. ಕೆರೆಯ ತೂಬು ತೆಗೆದು, ಗುದ್ದಲಿ ಹೆಗಲಿಗೇರಿಸಿ, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವವನನ್ನು ನೀರಗಂಟಿ ಎನ್ನುತ್ತಿದ್ದರು. ಮೊದಮೊದಲು ಆ ಹೆಸರಿಗೆ ಯಾವ ಗೌರವವೂ ಇರಲಿಲ್ಲ. ಕೆಸರಿನ ಕೆಲಸ, ಬೈಗುಳ ತಿನ್ನುವ ಕೆಲಸ. ನೀರಗಂಟಿಗೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಿದ್ದರು.

ಆದರೆ ಆ ಕೆಲಸಕ್ಕೊಂದು ಕಟ್ಟುಪಾಡಿತ್ತು. ಕಾಲುವೆಯ ಕೊನೆಯ ಗದ್ದೆ ನೆನೆಯುವವರೆಗೆ ನೀರಗಂಟಿ ತನ್ನ ಗದ್ದೆಗೆ ನೀರು ಬಿಟ್ಟುಕೊಳ್ಳುವಂತಿಲ್ಲ. ಅವನ ಗದ್ದೆಯೇ ಒಣಗಿರುವಾಗ ತಕರಾರು ಮಾಡಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ತಲೆಮಾರುಗಳು ಕಳೆದವು. ನಂಬಿಕೆ ಬೆಳೆದಂತೆ ಹೆಸರಿಗೂ ತೂಕ ಬಂತು. ಹಿಂದೆ ಬೈಗುಳವಾಗಿದ್ದ ಮಾತು ಬಿರುದಾಯಿತು. ನೀರಗಂಟಿಗೆ ಊರ ಕಟ್ಟೆಯ ಮೇಲೆ ಜಾಗ ಸಿಕ್ಕಿತು, ಗುದ್ದಲಿ ಹಿಡಿಯಲು ಕೂಲಿಯವರು ಬಂದರು.

ಹೀಗಿರುವಾಗ ಆ ಹೆಸರು ಕೆಂಚವೀರಯ್ಯನ ಪಾಲಿಗೆ ಬಂತು. ರುಮಾಲು ಸುತ್ತಿ ಕೆರೆಯ ಏರಿಯ ಮೇಲೆ ನಿಂತು ಕೈ ತೋರಿಸುವುದಷ್ಟೇ ಅವನ ಕೆಲಸ. "ನೀರಗಂಟಿ ಅಂದ್ರೆ ಯಾರು ಗೊತ್ತಾ? ಈ ಊರಿಗೆ ನೀರು ಕೊಡೋನು!" ಎನ್ನುತ್ತಿದ್ದ. ಕೆರೆ ಕೊಟ್ಟದ್ದನ್ನು ತಾನು ಕೊಟ್ಟೆ ಎನ್ನುವವರಿಗೆ ಯಾವ ಕಾಲದಲ್ಲೂ ಕೊರತೆಯಿಲ್ಲ ಬಿಡಿ.

ಒಂದು ವರ್ಷ ಹಿಂಗಾರು ಕೈಕೊಟ್ಟಿತು. ಭತ್ತದ ಕಾಳು ಹಾಲು ತುಂಬುವ ಹೊತ್ತಿಗೆ ಕೆರೆಯಲ್ಲಿ ಉಳಿದದ್ದು ಒಂದು ಸುತ್ತಿನ ನೀರು ಮಾತ್ರ. ಕೆಂಚವೀರಯ್ಯ ಮೊದಲು ತನ್ನ ಗದ್ದೆಗೇ ತಿರುಗಿಸಿಕೊಂಡ. ಕಾಲುವೆಯ ಕೊನೆಯಲ್ಲಿದ್ದದ್ದು ಸಾಕಮ್ಮನ ತುಂಡು ಗದ್ದೆ. ಗಂಡನಿಲ್ಲದ ಆ ಹೆಂಗಸಿಗೆ ವರ್ಷದ ಅನ್ನವೆಂದರೆ ಅದೊಂದೇ. ಅವಳು ಅವನ ಮನೆಬಾಗಿಲಿಗೆ ಬಂದಳು.

"ಅಣ್ಣಾ, ಇವತ್ತು ನೀರು ಕಾಣ್ದಿದ್ರೆ ಎಲ್ಲಾ ಜೊಳ್ಳಾಯ್ತದೆ."

"ಮಿಕ್ಕಿದ್ರೆ ಬರ್ತದೆ, ಹೋಗಮ್ಮ."

ಒಳಗಿದ್ದ ಅವನ ಹೆಂಡತಿ ಪುಟ್ಟಗೌರಿಗೆ ಈ ಮಾತು ಕೇಳಿ ನಾಚಿಕೆಯಾಯಿತು. ಗುದ್ದಲಿ ತೆಗೆದುಕೊಂಡು ಹೊರಟೇಬಿಟ್ಟಳು. ತಮ್ಮ ಗದ್ದೆಯ ಬಾಯಿಗೆ ಮಣ್ಣೆಳೆದು ಮುಚ್ಚಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನ ಜೊತೆಗೇ ಕಾಲುವೆಯುದ್ದಕ್ಕೂ ನಡೆದಳು. ದಾರಿಯ ಗದ್ದೆಗಳನ್ನೆಲ್ಲ ನೆನೆಸಿ, ಸಾಕಮ್ಮನ ಗದ್ದೆ ನೆನೆಯುವ ತನಕ ಅಲ್ಲೇ ನಿಂತಳು. ಅಷ್ಟರಲ್ಲಿ ಕೆರೆ ಬರಿದಾಯಿತು. ಆ ಸಲ ಅವರ ಮನೆಯ ಅರ್ಧ ಬೆಳೆ ಜೊಳ್ಳಾಯಿತು.

ಮರುವರ್ಷ ಕೆರೆ ತುಂಬಿತು. ತೂಬು ತೆಗೆಯುವ ದಿನ ಊರ ಹಿರಿಯರು ಕೆಂಚವೀರಯ್ಯನ ಮನೆ ಮುಂದೆ ಬಂದು, "ನೀರಗಂಟಿ ಇದ್ದಾರಾ?" ಎಂದು ಕೂಗಿದರು. ಅವನು ರುಮಾಲು ಸರಿಮಾಡಿಕೊಂಡು ಹೊರಗೆ ಬಂದ.

"ನೀನಲ್ಲಪ್ಪ, ಒಳಗಿದ್ದಾರಲ್ಲ, ಅವ್ರನ್ನ ಕರಿ" ಎಂದರು ಹಿರಿಯರು.

ಅಂದಿನಿಂದ ಪುಟ್ಟಗೌರಿಯೇ ಆ ಊರಿನ ನೀರಗಂಟಿ. ಕೆಂಚವೀರಯ್ಯನಿಗೂ ಜನ ಒಂದು ಹೆಸರು ಉಳಿಸಿಕೊಟ್ಟರು: ನೀರಗಂಟಿಯ ಗಂಡ.

ನೀತಿ: ಹೆಸರಿಗೆ ಬೆಲೆ ತಂದದ್ದು ಕೆಲಸ ಮತ್ತು ಅದರ ಕಟ್ಟುಪಾಡು. ಅವೆರಡನ್ನೂ ಬಿಟ್ಟು ಹೆಸರನ್ನಷ್ಟೇ ಹಿಡಿದು ಕೂತರೆ, ಅದು ಕೆಲಸ ಮಾಡುವವರನ್ನು ಹುಡುಕಿಕೊಂಡು ಹೋಗುತ್ತದೆ.